ತಡೆದ ವಾಹನವೂ ಪೋಲೀಸರ ಗುಂಡೂ

ಕಪಿಲಾ ನದಿಯ ತೀರದ ಸುತ್ತೂರಿಗೂ ಮೂಡಣ ದಿಕ್ಕಿನ ಕಾಡುಮಲೆಗಳಿಗೂ ಇರುವ ನಂಟು ಬಹು ಹಳೆಯದು. ಮಹದೇಶ್ವರನು ಸುತ್ತೂರು ಮಠಕ್ಕೆ ಬಂದು ರಾಗಿ ಬೀಸುವ ಕಾಯಕವನ್ನು ಕೈಕೊಂಡು, ಅಲ್ಲಿಂದ ಕುಂತೂರು ಮಠದ ಹಾದಿಯಾಗಿ ಎಪ್ಪತ್ತೇಳು ಮಲೆಗೆ ನಡೆದನೆಂದು ಕಂಸಾಳೆಯ ಗುಡ್ಡರು ಇಂದಿಗೂ ಹಾಡುತ್ತಾರೆ. ನರಸೀಪುರ, ಕೊಳ್ಳೇಗಾಲ, ಹನೂರುಗಳ ಮೇಲೆ ಹಾದು ಮಲೆಯನ್ನು ಸೇರುವ ಆ ಹಾದಿಯಲ್ಲಿ ಭಕ್ತರು ನಡೆದರು, ಗಾಡಿಗಳು ನಡೆದವು, ಅನಂತರ ಮೋಟಾರುಗಳು ಓಡಿದವು. ಆ ಹಾದಿಯ ಕೊನೆಯ ಹರಿವಿನಲ್ಲಿಯೇ ಇಪ್ಪತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಪೋಲೀಸಿನವರೂ ಕಾಡುಗಳ್ಳರೂ ವಾಹನಗಳ ಸುತ್ತ ಬಂದೂಕು ಹಿಡಿದು ಎದುರುಬದುರಾದರು. ನಿಂತ ವಾಹನದ ಮೇಲೆ ಗುಂಡು ಹಾರಿಸುವುದರ ಸಾಮರ್ಥ್ಯವೇನು, ಅಪಾಯವೇನು, ನ್ಯಾಯವೇನು ಎಂಬುದನ್ನು ಅರಿಯಲು ಈ ನಾಡಿನ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನವು ವಿರಳ.

ಕೊಳ್ಳೇಗಾಲದ ತಾಲ್ಲೂಕು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಆ ವರ್ಷ ಅದು ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಚಾಮರಾಜನಗರ ಜಿಲ್ಲೆಯು ಏರ್ಪಡುವವರೆಗೆ ಮೈಸೂರು ಜಿಲ್ಲೆಯ ಭಾಗವಾಗಿದ್ದಿತು. ಆದಕಾರಣ ನಂಜನಗೂಡು, ತಿರುಮಕೂಡಲು ನರಸೀಪುರಗಳ ಶಾಂತಿಪಾಲನೆಗೆ ಹೊಣೆಯಾಗಿದ್ದ ಮೈಸೂರಿನ ಪೋಲೀಸ್ ಸೂಪರಿಂಟೆಂಡೆಂಟರೇ ಆ ದುರ್ಗಮವಾದ ಮಲೆಗಳಿಗೂ ಹೊಣೆಯಾಗಿದ್ದರು. ಗೋಪಿನಾಥಂ ಗ್ರಾಮದ ವೀರಪ್ಪನ್ ಆನೆಗಳನ್ನು ಕೊಂದು ದಂತವನ್ನೂ, ಮರಗಳನ್ನು ಕಡಿದು ಗಂಧವನ್ನೂ ಸಾಗಿಸುತ್ತ ಗುಂಪು ಕಟ್ಟಿದುದು ಈ ಕಾಡುಗಳಲ್ಲಿಯೇ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸರು ಅವನ ಕೈಯಲ್ಲಿ ಹತರಾದರು. 1992ರ ಮೇ ತಿಂಗಳಲ್ಲಿ ಅವನ ಗುಂಪಿನವರು ರಾಮಾಪುರದ ಪೋಲೀಸು ಠಾಣೆಯ ಮೇಲೆ ಬಿದ್ದು, ಐವರು ಪೋಲೀಸಿನವರನ್ನು ಕೊಂದು, ಅಲ್ಲಿದ್ದ ಆಯುಧಗಳನ್ನು ಒಯ್ದರು.

ಆಗ ಮೈಸೂರಿನ ಸೂಪರಿಂಟೆಂಡೆಂಟರಾಗಿದ್ದವರು ಹರಿಕೃಷ್ಣರು. ಅವರೊಡನೆ ಈ ಕಾರ್ಯದಲ್ಲಿ ತೊಡಗಿದ್ದವರು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದರು. ವೀರಪ್ಪನ್ ಇರುವ ಎಡೆಯನ್ನು ತೋರಿಸುವೆನೆಂದು ಬಂದ ಸುದ್ದಿಗಾರನ ಮಾತನ್ನು ನಂಬಿ ಅವರು 1992ರ ಆಗಸ್ಟ್ 14ರಂದು ಮೀಣ್ಯಂ ಕಡೆಗೆ ಕಾರಿನಲ್ಲಿ ಹೊರಟರು. ಆ ಸುದ್ದಿಯೇ ಬಲೆಯಾಗಿದ್ದಿತು. ಕಾಡುದಾರಿಯಲ್ಲಿ ಹೊಂಚುಹಾಕಿ ಕುಳಿತಿದ್ದವರು ಗುಂಡಿನ ಮಳೆಗರೆದರು. ಹರಿಕೃಷ್ಣರೂ ಶಕೀಲ್ ಅಹಮದರೂ ಸೇರಿ ಆರು ಮಂದಿ ಪೋಲೀಸಿನವರು ಅಂದು ಮಡಿದರು. ಮಾರನೆಯ ದಿನ ನಾಡೆಲ್ಲ ಸ್ವಾತಂತ್ರ್ಯೋತ್ಸವದ ಧ್ವಜವನ್ನೇರಿಸುವಾಗ ಮೈಸೂರಿನ ಪೋಲೀಸು ವಸತಿಗಳಲ್ಲಿ ಶೋಕವು ಕವಿದಿದ್ದಿತು.

ಅಂದು ಮಡಿದವರಿಗೆ ಧೈರ್ಯದ ಕೊರತೆಯಿರಲಿಲ್ಲ. ಆದರೆ ವಾಹನದೊಳಗೆ ಕುಳಿತವನ ಸ್ಥಿತಿಯೇ ಬೇರೆ. ಅವನ ಕಣ್ಣಿಗೆ ಬೀಳುವುದು ಗಾಜಿನ ಮುಂದಿನ ಹಾದಿ ಮಾತ್ರ. ಬಂದೂಕನ್ನು ತಿರುಗಿಸಲು ಎಡೆಯಿಲ್ಲ. ಬಾಗಿಲನ್ನು ತೆರೆದು ಇಳಿಯುವಷ್ಟರಲ್ಲಿ ಎದುರಾಳಿಯು ಹಲವು ಸಲ ಗುಂಡು ಹಾರಿಸಿರುತ್ತಾನೆ. ಮೋಟಾರಿನ ತೆಳು ತಗಡು ರೈಫಲಿನ ಗುಂಡನ್ನು ತಡೆಯಲಾರದು. ಹೊರಗೆ ನಿಂತವನಿಗಾದರೋ ಮರ, ಬಂಡೆ, ತಿರುವು ಇವೆಲ್ಲವೂ ಕೋಟೆಯ ಗೋಡೆಗಳು. ಹೀಗೆ ವಾಹನವನ್ನು ನಿಲ್ಲಿಸುವ ಸ್ಥಳವನ್ನು ಯಾರು ಗೊತ್ತುಮಾಡುವರೋ ಅವರ ಕಡೆಗೇ ಜಯವು ಮುಕ್ಕಾಲುಪಾಲು ವಾಲಿರುತ್ತದೆ. ಗುರಿಗಾರಿಕೆಯು ನಿರ್ಣಯಿಸುವುದು ಉಳಿದ ಕಾಲುಪಾಲನ್ನು ಮಾತ್ರ.

1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ಇದೇ ಪಾಠವು ಇನ್ನೂ ಭಯಂಕರವಾದ ರೀತಿಯಲ್ಲಿ ಮರುಕಳಿಸಿತು. ತಮಿಳುನಾಡಿನ ಅಧಿಕಾರಿ ಗೋಪಾಲಕೃಷ್ಣನ್ ಅವರ ನೇತೃತ್ವದ ತಂಡವು ಹೋಗುತ್ತಿದ್ದ ಹಾದಿಯಲ್ಲಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಅವರಲ್ಲಿ ಹಲವರು ಪೋಲೀಸಿನವರಲ್ಲ, ದಾರಿ ತೋರಿಸಲು ಬಂದ ಹಳ್ಳಿಯವರು.

ಅನಂತರದ ವರ್ಷಗಳಲ್ಲಿ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಮಲೆಗಳನ್ನು ಸೋಸಿದವು. ಹಾದಿಹಾದಿಯಲ್ಲಿಯೂ ಚೆಕ್‌ಪೋಸ್ಟುಗಳು ನಿಂತವು. ಬಸ್ಸುಗಳನ್ನೂ ಲಾರಿಗಳನ್ನೂ ತಡೆದು ಶೋಧಿಸಲಾಯಿತು. ಈ ಶೋಧನೆಯ ಕಾಲದಲ್ಲಿ ಕಾಡಂಚಿನ ಹಳ್ಳಿಗರಿಗೂ ಸೋಲಿಗರಿಗೂ ಸಂದ ಸಂಕಟವು ಅಲ್ಪವಲ್ಲ. ಕಾರ್ಯಪಡೆಯವರ ಮೇಲಿನ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಬೇಕಾಯಿತು. ನೊಂದವರಲ್ಲಿ ಅನೇಕರಿಗೆ ಪರಿಹಾರವನ್ನು ಕೊಡಬೇಕೆಂದು ಆಯೋಗವು ಶಿಫಾರಸು ಮಾಡಿತು. ಇತ್ತ 2000ದ ಜುಲೈ 30ರಂದು ಗಾಜನೂರಿನಿಂದ ನಟ ರಾಜಕುಮಾರರೂ, 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರೂ ಅಪಹೃತರಾದರು. ರಾಜಕುಮಾರರು 108 ದಿನಗಳ ಬಳಿಕ ಹಿಂದಿರುಗಿದರು. ನಾಗಪ್ಪನವರು ಆ ವರ್ಷದ ಡಿಸೆಂಬರಿನಲ್ಲಿ ಹೆಣವಾಗಿ ದೊರೆತರು.

ಕಾಡಿನಲ್ಲಿ ಹುಡುಕಿ ಸೋತವರು ಕೊನೆಗೆ ಕಾಡಿನಿಂದ ಹೊರಗೆ ಕರೆತರುವ ಉಪಾಯವನ್ನು ಹೂಡಿದರು. ವೀರಪ್ಪನ್‌ಗೆ ಕಣ್ಣಿನ ದೋಷವಿದ್ದಿತು, ಚಿಕಿತ್ಸೆಯ ಆವಶ್ಯಕತೆಯಿದ್ದಿತು. ವಿಜಯಕುಮಾರರ ನೇತೃತ್ವದ ತಮಿಳುನಾಡಿನ ಕಾರ್ಯಪಡೆಯು ತನ್ನ ನಂಬಿಕೆಯ ಜನರನ್ನು ಅವನ ಬಳಗದೊಳಗೆ ನುಗ್ಗಿಸಿ, ಆಸ್ಪತ್ರೆಗೆ ಒಯ್ಯುವ ನೆಪದಿಂದ ಒಂದು ಆಂಬುಲೆನ್ಸನ್ನು ಸಿದ್ಧಪಡಿಸಿತು. ಅದನ್ನು ನಡೆಸಿದವರು ವೇಷ ಮರೆಸಿದ ಪೋಲೀಸಿನವರೇ. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ, ಮೊದಲೇ ಗೊತ್ತುಮಾಡಿದ್ದ ಎಡೆಯಲ್ಲಿ, ಆ ವಾಹನವು ನಿಂತಿತು. ಮುಂದೆ ಇದ್ದವರು ಇಳಿದು ಕತ್ತಲೆಯಲ್ಲಿ ಮರೆಯಾದರು. ಶರಣಾಗಬೇಕೆಂದು ಕೂಗಿ ಹೇಳಿದೆವು, ಒಳಗಿನಿಂದ ಗುಂಡು ಬಂದಿತು, ಆಮೇಲೆ ಉತ್ತರ ಕೊಟ್ಟೆವು ಎಂಬುದು ಪೋಲೀಸರ ಹೇಳಿಕೆ. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ವೀರಪ್ಪನ್, ಸೇತುಕುಳಿ ಗೋವಿಂದನ್, ಚಂದ್ರೇಗೌಡ, ಸೇತುಮಣಿ ಈ ನಾಲ್ವರೂ ಸತ್ತರು.

ಮೀಣ್ಯಂ ಹಾದಿಯಲ್ಲಿ ಹನ್ನೆರಡು ವರ್ಷಗಳ ಹಿಂದೆ ನಡೆದುದೇ ಇಲ್ಲಿ ತಿರುಗುಮುರುಗಾಗಿ ನಡೆಯಿತು. ಅಲ್ಲಿ ಸುಳ್ಳು ಸುದ್ದಿಯನ್ನು ನಂಬಿ ವಾಹನವೇರಿದವರು ಪೋಲೀಸರು; ಇಲ್ಲಿ ನಂಬಿ ಏರಿದವನು ವೀರಪ್ಪನ್. ಅಂದಿನ ರಾತ್ರಿ ಹಾರಿದ ಗುಂಡುಗಳು 338 ಎಂದೂ, ವೀರಪ್ಪನ್ ಮೈಗೆ ತಗುಲಿದವು ಮೂರೇ ಎಂದೂ ಪೋಲೀಸರ ಕಡೆಯ ವೃತ್ತಾಂತವು ತಿಳಿಸುತ್ತದೆ. ತರಬೇತಿ ಪಡೆದ ಕೈಗಳು, ಆಯ್ದ ಸ್ಥಳ, ನಿಂತ ವಾಹನ, ಇಷ್ಟೆಲ್ಲ ಇದ್ದೂ ನೂರಕ್ಕೆ ಒಂದು ಗುಂಡು ಮಾತ್ರ ಮುಖ್ಯವಾದ ಗುರಿಯನ್ನು ಮುಟ್ಟಿತು. ಮೈದಾನದಲ್ಲಿ ಹಗಲು ಬೆಳಕಿನಲ್ಲಿ ನಿಶ್ಚಲವಾದ ಹಲಗೆಗೆ ಗುರಿಯಿಟ್ಟು ಕಲಿತ ವಿದ್ಯೆಯು ಇರುಳಿನ ಗಲಭೆಯಲ್ಲಿ ಎಷ್ಟು ಕುಗ್ಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಉಳಿದ ಗುಂಡುಗಳು ಎಲ್ಲಿಗೋ ಹೋಗಲೇಬೇಕಷ್ಟೆ. ಅದು ಜನಸಂಚಾರದ ಪೇಟೆಬೀದಿಯಾಗಿದ್ದಲ್ಲಿ ಪರಿಣಾಮವೇನಾಗುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು. ಅವನನ್ನು ಸೆರೆಹಿಡಿಯಬಹುದಾಗಿತ್ತೇ ಎಂಬ ಪ್ರಶ್ನೆಯನ್ನೂ ಮಾನವ ಹಕ್ಕುಗಳ ಪಕ್ಷದವರು ಎತ್ತಿದರು. ಆ ವಾದವು ಅವನೊಡನೆ ಮಣ್ಣಾಗಲಿಲ್ಲ.

ಪಾಪ್ಪಾರಪಟ್ಟಿಯಲ್ಲಿ ವಾಹನದೊಳಗೆ ಇರುವವರು ಯಾರೆಂಬುದು ಗುಂಡು ಹಾರಿಸಿದವರಿಗೆ ತಿಳಿದಿದ್ದಿತು. ಅದು ತಿಳಿಯದೆ ಹೋದರೆ ಏನಾಗುವುದೆಂಬುದಕ್ಕೆ ನಿದರ್ಶನವು ದೆಹಲಿಯಲ್ಲಿದೆ. 1997ರ ಮಾರ್ಚ್ 31ರಂದು ಕನಾಟ್ ಪ್ಲೇಸಿನಲ್ಲಿ ಪೋಲೀಸಿನ ತಂಡವೊಂದು ಕಾರೊಂದನ್ನು ಸುತ್ತುವರಿದು ಗುಂಡು ಹಾರಿಸಿತು. ಒಳಗೆ ಇದ್ದಾನೆಂದು ಅವರು ಭಾವಿಸಿದ ಪಾತಕಿಯು ಅಲ್ಲಿರಲಿಲ್ಲ, ಇದ್ದವರು ನಿರಪರಾಧಿಗಳು. ಇಬ್ಬರು ಸತ್ತರು, ಮತ್ತೊಬ್ಬರು ಗಾಯಗೊಂಡರು. ಮೊದಲು ಗುಂಡು ಬಂದುದು ಕಾರಿನೊಳಗಿನಿಂದ ಎಂಬ ಸಮರ್ಥನೆಯು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಹತ್ತು ಮಂದಿ ಪೋಲೀಸಿನವರಿಗೆ 2007ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಲ್ಲಿ ಗುರಿಯು ತಪ್ಪಿರಲಿಲ್ಲ. ತಪ್ಪಿದುದು ಮನುಷ್ಯನ ಗುರುತು.

ಓಡುವ ವಾಹನದ ವಿಷಯದಲ್ಲಿ ಅಪಾಯವು ಇನ್ನೂ ಹೆಚ್ಚು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರುವ ಮೋಟಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಸರಿಯುತ್ತದೆ. ಕಣ್ಣು ಕಂಡುದನ್ನು ಬುದ್ಧಿಯು ಗ್ರಹಿಸಿ ಬೆರಳು ಕುದುರೆಯನ್ನೆಳೆಯುವಷ್ಟರಲ್ಲಿ ಗುರಿಯೇ ಬೇರೆ ಎಡೆಯಲ್ಲಿರುತ್ತದೆ. ಓರೆಯಾದ ಗಾಜಿಗೆ ತಗುಲಿದ ಗುಂಡು ದಿಕ್ಕು ತಪ್ಪುತ್ತದೆ. ಚಾಲಕನಿಗೆ ತಗುಲಿದರೂ ವಾಹನವು ನಿಲ್ಲುವುದಿಲ್ಲ. ಹಿಡಿತವಿಲ್ಲದೆ ನುಗ್ಗಿ ಅನ್ಯರನ್ನು ಬಲಿಗೊಳ್ಳುತ್ತದೆ. ಇದನ್ನರಿತೇ ನ್ಯೂಯಾರ್ಕ್ ನಗರದ ಪೋಲೀಸು ಇಲಾಖೆಯು 1972ರಲ್ಲಿಯೇ ಓಡುವ ವಾಹನಗಳ ಮೇಲೆ ಗುಂಡು ಹಾರಿಸುವುದನ್ನು ಬಹುಮಟ್ಟಿಗೆ ನಿಷೇಧಿಸಿತು.

ನಮ್ಮ ದೇಶದ ಶಾಸನವೂ ಈ ವಿವೇಕಕ್ಕೆ ಹೊರತಲ್ಲ. ಮರಣದಂಡನೆಗಾಗಲಿ ಜೀವಾವಧಿ ಶಿಕ್ಷೆಗಾಗಲಿ ಈಡಾಗುವಂಥ ಅಪರಾಧದ ಆರೋಪವಿಲ್ಲದವನನ್ನು ದಸ್ತಗಿರಿ ಮಾಡುವ ನೆಪದಿಂದ ಕೊಲ್ಲುವ ಹಕ್ಕು ಪೋಲೀಸರಿಗಿಲ್ಲವೆಂದು ದಂಡಪ್ರಕ್ರಿಯಾ ಸಂಹಿತೆಯು ಹೇಳುತ್ತಿದ್ದಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ಕಟ್ಟಳೆಯು ಉಳಿದಿದೆ. ತಡೆದೊಡನೆ ವಾಹನವನ್ನು ನಿಲ್ಲಿಸದಿರುವುದು ಅಂಥ ಅಪರಾಧವಲ್ಲವೆಂಬುದು ಇದರಿಂದ ಸ್ಪಷ್ಟ. ಪೋಲೀಸರ ಗುಂಡಿನಿಂದ ಸಾವಾದಲ್ಲಿ ಬೇರೆ ಠಾಣೆಯವರಿಂದಲೋ ಸಿ.ಐ.ಡಿ. ಇಲಾಖೆಯಿಂದಲೋ ತನಿಖೆಯಾಗಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆಯೂ ನಡೆಯಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ವಿಧಿಸಿತು. ಗುಂಡು ಹಾರಿಸಿದವನೇ ತನ್ನ ಗುಂಡಿನ ನ್ಯಾಯವನ್ನು ನಿರ್ಣಯಿಸಬಾರದೆಂಬುದೇ ಇದರ ತಾತ್ಪರ್ಯ.

ಪ್ರತಿವರ್ಷವೂ ಪುಷ್ಯಮಾಸದಲ್ಲಿ ಸುತ್ತೂರಿನ ಜಾತ್ರೆಯು ನೆರೆಯುವಾಗ ನಂಜನಗೂಡಿನ ಕಡೆಯಿಂದಲೂ ನರಸೀಪುರದ ಕಡೆಯಿಂದಲೂ ವಾಹನಗಳು ಸಾಲುಗಟ್ಟಿ ಬರುತ್ತವೆ. ಬಂದೋಬಸ್ತಿಗೆ ನಿಂತ ಪೋಲೀಸಿನವನು ಕೈಯೆತ್ತಿದೊಡನೆ ವಾಹನವು ನಿಲ್ಲುತ್ತದೆ. ಒಳಗೆ ಮುದುಕರಿರುತ್ತಾರೆ, ಕಂಕುಳಲ್ಲಿ ಕೂಸು ಹೊತ್ತ ತಾಯಂದಿರಿರುತ್ತಾರೆ, ಬುತ್ತಿಯ ಗಂಟುಗಳಿರುತ್ತವೆ. ತಡೆದವನು ತನ್ನನ್ನು ಮನುಷ್ಯನೆಂದು ನೋಡಿ ವಿಚಾರಿಸುವನೆಂಬ ನೆಚ್ಚಿಕೆಯಿಂದಲೇ ಅವರು ನಿಲ್ಲುತ್ತಾರೆ. ಆ ನೆಚ್ಚಿಕೆಯನ್ನು ಕಾಪಾಡಲೆಂದೇ ಹರಿಕೃಷ್ಣ, ಶಕೀಲ್ ಅಹಮದರಂಥವರು ಅದೇ ಹಾದಿಯ ಕೊನೆಯಲ್ಲಿ ಪ್ರಾಣವನ್ನಿತ್ತರು. ಒಳಗಿರುವವರು ಯಾರೆಂದು ತಿಳಿಯದೆ ಹಾರಿಸಿದ ಒಂದೇ ಗುಂಡು ಅದನ್ನು ಕೆಡಿಸಬಲ್ಲುದು.