ಒಂದು ರೂಪಾಯಿಯಿಂದ ಎಂಟು ರೂಪಾಯಿಗೆ: ಕೂಸಿನ ತುತ್ತಿನ ಲೆಕ್ಕ

ಹೆಸರು ಬಿಡಿಸುವ ಸುಗ್ಗಿ ಬಂತೆಂದರೆ ನವಲಗುಂದದ ಎರೆಹೊಲಗಳಿಗೆ ಹೆಣ್ಣಾಳುಗಳು ಬೆಳಗ್ಗೆಯೇ ಹೊರಡುತ್ತಾರೆ. ಮನೆಯಲ್ಲೇ ಉಳಿದ ಕೂಸಿಗೆ ಉಣಿಸುವವರು ಯಾರು, ಆ ಖರ್ಚು ಯಾರದು? ಸರಕಾರ ಇದಕ್ಕೆ ಉತ್ತರ ಹುಡುಕತೊಡಗಿ ಐದು ದಶಕವಾಯಿತು.

ಕರ್ನಾಟಕದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲು ಕಾಲಿಟ್ಟದ್ದು 1975ರ ಅಕ್ಟೋಬರ್ 2ರಂದು, ತಿ. ನರಸೀಪುರದ 100 ಅಂಗನವಾಡಿಗಳಲ್ಲಿ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಕೇಂದ್ರಗಳು ಬೆಳೆದಷ್ಟು ಬೇಗ ತುತ್ತಿನ ದರ ಬೆಳೆಯಲಿಲ್ಲ. ಮಗುವಿಗೆ ದಿನಕ್ಕೆ ಒಂದು ರೂಪಾಯಿ ಎಂಬ ಲೆಕ್ಕವನ್ನು ಎರಡಕ್ಕೇರಿಸಲು 2004ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಗುತ್ತಿಗೆದಾರರನ್ನು ದೂರವಿಟ್ಟು ಸ್ವಸಹಾಯ ಸಂಘ, ಮಹಿಳಾ ಮಂಡಳಗಳಿಗೆ ಊಟ ಒದಗಿಸುವ ಕೆಲಸ ಕೊಡಿ ಎಂದದ್ದೂ ಅದೇ ಆದೇಶ. ಮುಂದೆ 2008ರಲ್ಲಿ 4, 2012ರಲ್ಲಿ 6, 2017ರಲ್ಲಿ 8 ರೂಪಾಯಿ. ತೀವ್ರ ಅಪೌಷ್ಟಿಕ ಮಗುವಿಗೆ 12. ಈ ಯೋಜನೆಯ ಹೊಸ ರೂಪವಾದ ಪೋಷಣ್ 2.0 ಬಂದಾಗಲೂ ದರ ಅಷ್ಟೇ ಉಳಿಯಿತು. ಮೂರರಿಂದ ಆರು ವರ್ಷದ ಮಗುವಿಗೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಕೊಡಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆ ಆಗ ಹೇಳಿತ್ತು. ಅದೇ ವರ್ಷ ರಾಜ್ಯ ಸರಕಾರ ಕ್ಷೀರಭಾಗ್ಯದ ಹಾಲನ್ನೂ ಸೇರಿಸಿತು.

ಮೂರು ವರ್ಷದೊಳಗಿನ ಕೂಸಿನ ಪಾಲು ಮಾತ್ರ ಮನೆಗೊಯ್ಯುವ ಪೊಟ್ಟಣ. ಅದನ್ನು ಬೇಯಿಸಿ ಉಣಿಸಲು ಮನೆಯಲ್ಲೊಬ್ಬರು ಇರಬೇಕಲ್ಲ. ದುಡಿಯುವ ತಾಯಂದಿರಿಗೆಂದೇ 2006ರಲ್ಲಿ ಬಂದ ರಾಜೀವ್ ಗಾಂಧಿ ಶಿಶುಪಾಲನಾ ಯೋಜನೆ ಒಂದು ಮಗುವಿನ ಪೂರಕ ಆಹಾರಕ್ಕೆ ದಿನಕ್ಕೆ 2.08 ರೂಪಾಯಿ ಇಟ್ಟಿತ್ತು. ರಾಜ್ಯದ 2023-24ರ ಬಜೆಟ್ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಸಾರಿತು. ಉದ್ಯೋಗ ಖಾತ್ರಿಗೆ ಹೋಗುವ ತಾಯಿಯ ಕೂಸನ್ನು ಅದೇ ಊರಿನ ಹೆಂಗಸರು ನೋಡಿಕೊಳ್ಳುವ ಏರ್ಪಾಡು ಇದು. ತಾಯಿ ದುಡಿಮೆಯಲ್ಲಿರುವ ತಾಸುಗಳಿಗೂ ಊಟ, ಆರೈಕೆ ಬೇಕೆಂದು ಸರಕಾರ ಒಪ್ಪಿಕೊಂಡಂತಾಯಿತು.

ಅಮೆರಿಕದ್ದು ಬೇರೆ ದಾರಿ. 1968ರಲ್ಲಿ ಶಿಶುಪಾಲನಾ ಕೇಂದ್ರಗಳಿಗೆ ಶುರುವಾದ ಊಟದ ನೆರವು 1975ರಲ್ಲಿ, ತಮ್ಮ ಮನೆಯಲ್ಲೇ ನೆರೆಹೊರೆಯ ಮಕ್ಕಳನ್ನು ನೋಡಿಕೊಳ್ಳುವವರಿಗೂ ಸಿಕ್ಕಿತು. 1996ರ ಕಾನೂನು ಬಡ ಬಡಾವಣೆಯ ಮನೆಗೆ ಹೆಚ್ಚು, ಉಳಿದವಕ್ಕೆ ಕಡಿಮೆ ಎಂದು ದರ ಒಡೆಯಿತು. ಆದರೆ ದಿನಸಿ ಬೆಲೆಯ ಸೂಚ್ಯಂಕ ನೋಡಿ ಪ್ರತಿ ಜುಲೈಗೆ ದರ ತಿದ್ದುವ ಕ್ರಮ ಅಲ್ಲುಂಟು.

ನಮ್ಮಲ್ಲಿ ಆ ಕ್ರಮವಿಲ್ಲ. ಅಂಗನವಾಡಿ ಮಕ್ಕಳ ಮೊಟ್ಟೆಗೆ ಸರಕಾರದ ಆದೇಶದಲ್ಲಿ ಒಂದು ದರ, ಸಂತೆಯಲ್ಲಿ ಇನ್ನೊಂದು. ನಡುವಿನ ಅಂತರ ತಮ್ಮ ಕೈಯಿಂದಲೇ ಹೋಗುತ್ತದೆಂಬುದು ಅಂಗನವಾಡಿ ಕಾರ್ಯಕರ್ತೆಯರ ಹಳೆಯ ದೂರು. ಅವರಿಗೆ ಸಿಗುವುದೂ ಸಂಬಳವಲ್ಲ, ಗೌರವಧನ. ಐದು ದಶಕದಲ್ಲಿ ಯೋಜನೆಗಳ ಹೆಸರು ಹಲವು ಬಾರಿ ಬದಲಾಗಿದೆ. ಮುಂದಿನ ಆದೇಶ ಹೊಸ ಹೆಸರಿಡುವ ಬದಲು ತುತ್ತಿನ ದರವನ್ನು ಬೆಲೆಯೊಂದಿಗೆ ವರ್ಷವರ್ಷವೂ ಏರುವಂತೆ ಕಟ್ಟಲಿ. ಆಗ ಒಲೆ ಹಚ್ಚುವವಳು ಕೈಯಿಂದ ಹಾಕುವುದು ತಪ್ಪುತ್ತದೆ.