ಕುಣಪಜಲದ ಗಡಿಗೆ

ಮೂಡಲಗಿಯ ಕಬ್ಬಿನ ಸೀಮೆಯಲ್ಲಿ ದ್ರವಗೊಬ್ಬರದ ಮಾತು ಹೊಸತಲ್ಲ. ಆದರೆ ಅದು ಕಾರ್ಖಾನೆಯಲ್ಲೇ ಹುಟ್ಟಿತೆಂದು ಭಾವಿಸುವವರು ಹಳೆಯ ಗ್ರಂಥಗಳತ್ತ ಒಮ್ಮೆ ತಿರುಗಿ ನೋಡಬೇಕು. ಚಾಳುಕ್ಯ ಜಯಸಿಂಹನ ಕಾಲದ ಚಾವುಂಡರಾಯ ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವುಂಟು. (ಶ್ರವಣಬೆಳಗೊಳದ ಚಾವುಂಡರಾಯ ಬೇರೆ, ಇಬ್ಬರನ್ನೂ ಒಂದು ಮಾಡುವುದು ನನ್ನ ತರಗತಿಯಲ್ಲಿ ವರ್ಷವರ್ಷದ ತಪ್ಪು.) ಹೆಚ್ಚುಕಡಿಮೆ ಅದೇ ಕಾಲದವನೆನ್ನುವ ಸುರಪಾಲನ ಸಂಸ್ಕೃತ ‘ವೃಕ್ಷಾಯುರ್ವೇದ’ವು ಕುಣಪಜಲದ ವಿಧಾನವನ್ನೇ ಹೇಳುತ್ತದೆ: ಮಾಂಸ, ಮಜ್ಜೆಗಳನ್ನು ನೀರಿನಲ್ಲಿ ಬೇಯಿಸಿ, ಎಳ್ಳಿನ ಹಿಂಡಿ, ನೆನೆಸಿದ ಉದ್ದು, ಜೇನು, ತುಪ್ಪ ಬೆರೆಸಿ, ಗಡಿಗೆಯನ್ನು ಬೆಚ್ಚಗಿನ ಜಾಗದಲ್ಲಿಡಬೇಕು. ಕುಣಪವೆಂದರೆ ಹೆಣ, ವಾಸನೆಯನ್ನು ವಾಚಕರೇ ಊಹಿಸಲಿ.

ಇಂದಿನ ದ್ರವಗೊಬ್ಬರಗಳಲ್ಲಿ ಎರಡು ಬಗೆ. ಒಂದರಲ್ಲಿ ಲವಣ ಪೂರ್ತಿ ಕರಗಿ ನೀರು ತಿಳಿಯಾಗಿರುತ್ತದೆ. ಇನ್ನೊಂದರಲ್ಲಿ ಕರಗದುಳಿದ ಸಣ್ಣ ಹರಳುಗಳನ್ನು ನುಣ್ಣನೆಯ ಜೇಡಿಮಣ್ಣು ತೇಲಿಸಿ ಹಿಡಿದಿರುತ್ತದೆ. ಸಾರ ಹೆಚ್ಚು, ಆದರೆ ಕಲಕದೆ ಬಿಟ್ಟರೆ ತಳ ಸೇರಿ ಸಿಂಪಡಿಸುವ ಕೊಳವೆಯ ಬಾಯಿ ಕಟ್ಟುತ್ತದೆ. ಕುಣಪಜಲ ನೋಟಕ್ಕೆ ಈ ಎರಡನೆಯದರ ನೆಂಟ, ಗುಣದಲ್ಲಿ ಬೇರೆ. ಅದರ ಸಾರಜನಕ ಬಹುಪಾಲು ಮಾಂಸ, ಉದ್ದುಗಳ ಪ್ರೋಟೀನಿನಲ್ಲಿ ಸೆರೆಯಾಗಿದೆ. ಸೂಕ್ಷ್ಮಜೀವಿಗಳು ಕೊಳೆಸಿ ಬಿಡಿಸಿದ ಮೇಲೆಯೇ ಬೇರಿಗೆ ದಕ್ಕುವುದು. ಬೆಚ್ಚಗಿನ ಜಾಗದ ಗುಟ್ಟು ಅದು. ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸುವ ಉತ್ಸಾಹ ನನಗಿಲ್ಲ. ಗಡಿಗೆಯನ್ನು ಎಲ್ಲಿಡಬೇಕೆಂಬುದಂತೂ ತಿಳಿದಿತ್ತು.

ಈಚಿನ ಜೀವಾಮೃತದ ಪೀಪಾಯಿಯಲ್ಲಿ ಸಗಣಿ, ಗಂಜಲಗಳ ಜೊತೆಗೆ ಎರಡು ಕಿಲೋ ಬೆಲ್ಲ, ಎರಡು ಕಿಲೋ ಬೇಳೆಹಿಟ್ಟು ಬೀಳುತ್ತವೆ. ಜೇನಿನ ಜಾಗಕ್ಕೆ ಬೆಲ್ಲ ಬಂದಿದೆ, ಉದ್ದಿನ ಜಾಗಕ್ಕೆ ಹಿಟ್ಟು. ಮಾಂಸ ಮಾತ್ರ ಬಿಟ್ಟುಹೋಗಿದೆ.