ಯಾರು ಎಂಬಲ್ಲಿಂದ ಯಾವಾಗ ಎಂಬಲ್ಲಿಗೆ

ಮನೋರೋಗ ವಿಭಾಗದಿಂದ ಮನೆಗೆ ಹೊರಟ ಬೈಪೋಲಾರ್ ರೋಗಿಯ ಡಿಸ್ಚಾರ್ಜ್ ಚೀಟಿಯಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ ಮುಂದಿನ ಭೇಟಿಯ ದಿನಾಂಕ ಇರುತ್ತದೆ. ಅದು ವಾರದೊಳಗೇ ಬಿದ್ದಿದ್ದರೆ ಮನೆಯವರು ಗೊಣಗುವುದುಂಟು: “ಈಗ ಚೆನ್ನಾಗಿ ಊಟ ಮಾಡ್ತಾನೆ, ನಿದ್ದೆನೂ ಬರ್ತಿದೆ. ಇಷ್ಟು ಬೇಗ ಮತ್ತೆ ಯಾಕೆ ಬರಬೇಕು ಡಾಕ್ಟ್ರೇ?” ಆ ದಿನಾಂಕ ಅಷ್ಟು ಹತ್ತಿರ ಬರುವುದಕ್ಕೆ ಒಂದು ಶತಮಾನಕ್ಕೂ ಮೀರಿದ ಹುಡುಕಾಟ ಬೇಕಾಯಿತು.

ಉನ್ಮಾದ ಮತ್ತು ಖಿನ್ನತೆ ಒಂದೇ ಕಾಯಿಲೆಯ ಎರಡು ಮುಖಗಳೆಂದು 1850ರ ದಶಕದಲ್ಲಿ ಪ್ಯಾರಿಸ್‌ನ ಫಾಲ್ರೆ ಮತ್ತು ಬೈಯಾರ್ಜೆ ಗುರುತಿಸಿದರು. 1899ರಲ್ಲಿ ಜರ್ಮನಿಯ ಎಮಿಲ್ ಕ್ರೇಪಲಿನ್ ತಮ್ಮ ಪಠ್ಯದಲ್ಲಿ ಅದಕ್ಕೆ ಗಟ್ಟಿ ಚೌಕಟ್ಟು ಕೊಟ್ಟರು. ಮನಸ್ಸಿನಲ್ಲಿ ಖಿನ್ನತೆಯ ಕತ್ತಲು, ಮೈಯಲ್ಲಿ ಉನ್ಮಾದದ ಚಡಪಡಿಕೆ ಒಟ್ಟಿಗೇ ಇರುವ ‘ಮಿಶ್ರ ಸ್ಥಿತಿ’ಯನ್ನೂ ಅವರು ವರ್ಣಿಸಿದ್ದರು. ಆತ್ಮಹತ್ಯೆಯ ಅಪಾಯಕ್ಕೂ ಅದಕ್ಕೂ ಇರುವ ನಂಟು ಅಂಕಿಅಂಶಗಳಲ್ಲಿ ಸ್ಪಷ್ಟವಾದದ್ದು ಮಾತ್ರ ಬಹಳ ತಡವಾಗಿ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಈಲಿ ರಾಬಿನ್ಸ್ ಮತ್ತು ಸಂಗಡಿಗರು ಒಂದು ವರ್ಷದಲ್ಲಿ ಆತ್ಮಹತ್ಯೆ ಮಾಡಿಕೊಂಡ 134 ಜನರ ಬಂಧುಬಳಗವನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದರು. 1959ರಲ್ಲಿ ಬಂದ ಅವರ ವರದಿಯಲ್ಲಿ ಎರಡು ಸಂಗತಿಗಳಿದ್ದವು. ಸತ್ತವರಲ್ಲಿ ಬಹುಪಾಲು ಮಂದಿಗೆ ಮಾನಸಿಕ ಕಾಯಿಲೆಯಿತ್ತು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ತಮ್ಮ ಇರಾದೆಯನ್ನು ಯಾರಿಗಾದರೂ ಹೇಳಿಕೊಂಡಿದ್ದರು. ‘ಹೇಳುವವರು ಮಾಡುವುದಿಲ್ಲ’ ಎಂಬ ನಂಬಿಕೆಯ ಬುಡವೇ ಅಲ್ಲಿ ಅಲುಗಾಡಿತು.

ಆಗಿನ್ನೂ ಬರೀ ಖಿನ್ನತೆಯವರನ್ನೂ ಬೈಪೋಲಾರ್‌ನವರನ್ನೂ ಒಂದೇ ಹೆಸರಿನಡಿ ಸೇರಿಸುತ್ತಿದ್ದರು. 1966ರಲ್ಲಿ ಯೂಲ್ಸ್ ಆಂಗ್ಸ್ಟ್ ಮತ್ತು ಕಾರ್ಲೋ ಪೆರಿಸ್ ತಂತಮ್ಮ ಅಧ್ಯಯನಗಳಲ್ಲಿ ಈ ಎರಡು ಗುಂಪುಗಳನ್ನು ಬೇರ್ಪಡಿಸಿದರು. 1970ರಲ್ಲಿ ಗೂಝೆ ಮತ್ತು ರಾಬಿನ್ಸ್ ಕೊಟ್ಟ ಲೆಕ್ಕ, ಅಂದರೆ ಭಾವಸ್ಥಿತಿಯ ಕಾಯಿಲೆ ಇರುವವರಲ್ಲಿ ಶೇ. 15ರಷ್ಟು ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆಂಬುದು, ಮೂರು ದಶಕ ಪಠ್ಯಗಳಲ್ಲಿ ಹಾಗೇ ಉಳಿಯಿತು. 2000ದಲ್ಲಿ ಬಾಸ್ಟ್‌ವಿಕ್ ಮತ್ತು ಪ್ಯಾಂಕ್ರಾಟ್ಜ್ ಅದನ್ನು ಬಿಡಿಸಿ ನೋಡಿದರು. ಆತ್ಮಹತ್ಯೆಯ ಯೋಚನೆಯಿಂದಾಗಿ ದಾಖಲಾದವರಲ್ಲಿ ಶೇ. 8.6, ಇತರ ಒಳರೋಗಿಗಳಲ್ಲಿ ಶೇ. 4, ಒಳರೋಗಿಗಳೂ ಹೊರರೋಗಿಗಳೂ ಸೇರಿದ ಗುಂಪುಗಳಲ್ಲಿ ಶೇ. 2.2. ಕಾಯಿಲೆಯ ಹೆಸರು ಒಂದೇ ಆದರೂ ಅಪಾಯ ಒಂದೇ ಅಲ್ಲ.

ಈ ನಡುವೆ ಅಪಾಯದ ಅಂಶಗಳ ಪಟ್ಟಿ ಬೆಳೆಯುತ್ತಲೇ ಇತ್ತು: ಹಿಂದೆ ಯತ್ನಿಸಿದ್ದು, ಚಿಕ್ಕ ವಯಸ್ಸಿಗೇ ಕಾಯಿಲೆ ಶುರುವಾದದ್ದು, ಮನೆತನದಲ್ಲಿ ಆತ್ಮಹತ್ಯೆ ನಡೆದದ್ದು, ಕುಡಿತ, ತೀವ್ರ ಆತಂಕ, ಹತಾಶೆ. ಅಂತಾರಾಷ್ಟ್ರೀಯ ಬೈಪೋಲಾರ್ ಸಂಘದ ತಂಡ 2015ರಲ್ಲಿ ಇವನ್ನೆಲ್ಲ ಒಟ್ಟುಗೂಡಿಸಿತು. ಈ ಕಾಯಿಲೆಯವರಲ್ಲಿ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರಿಗಿಂತ 20ರಿಂದ 30 ಪಟ್ಟು ಹೆಚ್ಚೆಂಬುದು ಇಂದು ಒಪ್ಪಿತವಾದ ಅಂದಾಜು.

ಪಟ್ಟಿ ಇದ್ದರೆ ಮುಂಚಿತವಾಗಿ ಹೇಳಬಹುದಲ್ಲ? ಹೂಸ್ಟನ್‌ನಲ್ಲಿ ಅಲೆಕ್ಸ್ ಪೊಕಾರ್ನಿ 4,800 ಮಾಜಿ ಸೈನಿಕ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದರು. ಅವರಲ್ಲಿ 67 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಆದರೆ ಆ 67 ಜನರನ್ನು ಮೊದಲೇ ಹೆಕ್ಕಿ ತೆಗೆಯಹೊರಟರೆ ಪಟ್ಟಿ ಅವರಲ್ಲಿ ಹಲವರನ್ನು ಬಿಟ್ಟಿತು, ಅಪಾಯವಿಲ್ಲದ ಎಷ್ಟೋ ಪಟ್ಟು ಜನರತ್ತ ಬೆರಳು ತೋರಿಸಿತು. 1983ರ ಆ ನಿರಾಶೆ 2017ರಲ್ಲಿ ಇನ್ನೂ ಗಟ್ಟಿಯಾಯಿತು: ಐವತ್ತು ವರ್ಷಗಳ 365 ಅಧ್ಯಯನಗಳನ್ನು ಜಾಲಾಡಿದ ಫ್ರ್ಯಾಂಕ್ಲಿನ್ ತಂಡಕ್ಕೆ, ಒಂದೊಂದು ಅಂಶದ ಭವಿಷ್ಯವಾಣಿ ನಾಣ್ಯ ಚಿಮ್ಮುವುದಕ್ಕಿಂತ ತುಸುವಷ್ಟೇ ಮೇಲೆಂದು ಕಂಡಿತು.

ಈ ನಡುವೆ ದಾರಿ ‘ಯಾರು’ ಎಂಬಲ್ಲಿಂದ ‘ಯಾವಾಗ’ ಎಂಬಲ್ಲಿಗೆ ತಿರುಗಿತ್ತು. ಫಿನ್‌ಲ್ಯಾಂಡಿನ ಯೊರ್ವಿ ಅಧ್ಯಯನ ಬೈಪೋಲಾರ್ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಯತ್ನಗಳು ಯಾವ ಹಂತದಲ್ಲಿ ನಡೆದವೆಂದು ನೋಡಿತು. ಹೆಚ್ಚಿನವು ಖಿನ್ನತೆ ಮತ್ತು ಮಿಶ್ರ ಸ್ಥಿತಿಗಳಲ್ಲಿ; ಕಾಯಿಲೆ ಹಿಡಿತದಲ್ಲಿದ್ದಾಗ ತೀರ ಅಪರೂಪ. ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ವಾರಗಳೂ ಹೆಚ್ಚು ಅಪಾಯದವೇ ಎಂದು ಬೇರೆ ಬೇರೆ ದೇಶಗಳ ದಾಖಲೆಗಳು ಹೇಳಿದವು. ಚೀಟಿಯ ದಿನಾಂಕ ಹತ್ತಿರ ಬಂದದ್ದು ಹೀಗೆ.

ಲಿಥಿಯಂ ಕಥೆಯೂ ಇದೇ ದಾರಿಯದು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅದನ್ನು ಉನ್ಮಾದಕ್ಕೆ ಕೊಟ್ಟು ನೋಡಿದರು. ಡೆನ್ಮಾರ್ಕಿನ ಮೊಗೆನ್ಸ್ ಸ್ಕೌ ಅದರ ಗುಣವನ್ನು ಪ್ರಯೋಗಗಳಲ್ಲಿ ಸ್ಥಾಪಿಸಿದರು. ಲಿಥಿಯಂ ತೆಗೆದುಕೊಳ್ಳುವವರಲ್ಲಿ ಆತ್ಮಹತ್ಯೆ ಕಡಿಮೆಯೆಂದು 2013ರ ಚಿಪ್ರಿಯಾನಿ ವಿಶ್ಲೇಷಣೆ ಹೇಳಿತು. 519 ಮಾಜಿ ಸೈನಿಕರ ಮೇಲೆ ನಡೆದ 2022ರ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ, ಚರ್ಚೆ ಮುಗಿದಿಲ್ಲ. ಆದರೆ ಬಾಲ್ಡೆಸರೀನಿ, ಟೊಂಡೊ ಅವರ ಒಂದು ಮಾತು ರೋಗಿಯ ಮನೆಗೆ ನೇರ ತಾಗುತ್ತದೆ: ಲಿಥಿಯಂ ಬಿಟ್ಟ ಮೊದಲ ವರ್ಷ ಅಪಾಯ ಏರುತ್ತದೆ, ದಿಢೀರನೆ ಬಿಟ್ಟರೆ ಇನ್ನೂ ಹೆಚ್ಚು. ರಾತ್ರಿಯ ಮಾತ್ರೆಗೆ ಹನ್ನೆರಡು ಗಂಟೆಯಾದ ಮೇಲೆ, ಬೆಳಗಿನದನ್ನು ನುಂಗದೆ, ಲಿಥಿಯಂ ಮಟ್ಟದ ಪರೀಕ್ಷೆಗೆ ರಕ್ತ ಕೊಡಲು ಲ್ಯಾಬಿನ ಬೆಂಚಿನ ಮೇಲೆ ಕೂತವರಿಗೆ “ಹುಷಾರಾದೆನಲ್ಲ, ಇನ್ನೆಷ್ಟು ದಿನ?” ಅನ್ನಿಸುವುದು ಸಹಜ. ಬಿಡುವ ಮಾತು ಬಂದರೆ ಮೊದಲು ವೈದ್ಯರ ಮುಂದೆ ಬರಬೇಕು.

ನಮ್ಮಲ್ಲಿ ಎಷ್ಟೋ ಮಂದಿ ಆ ಬೆಂಚಿನವರೆಗೂ ಬಂದಿರುವುದಿಲ್ಲ. ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯಂತೆ, ಬೈಪೋಲಾರ್ ಇರುವ ಸುಮಾರು ಶೇ. 70 ಮಂದಿಗೆ ಚಿಕಿತ್ಸೆಯೇ ಇರಲಿಲ್ಲ. ಪೊಲೀಸ್ ಕೇಸಿನ ಅಂಜಿಕೆಯಿಂದ ಯತ್ನವನ್ನು ಮುಚ್ಚಿಡುತ್ತಿದ್ದ ಕುಟುಂಬಗಳಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ತುಸು ಉಸಿರು ಕೊಟ್ಟಿತು. 2022ರಿಂದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಸೇಂಟ್ ಲೂಯಿಸ್‌ನಲ್ಲಿ ಸತ್ತವರಲ್ಲಿ ಹೆಚ್ಚಿನವರು ಹೇಳಿಕೊಂಡಿದ್ದರು. ಹೇಳದವರನ್ನು ಕೇಳಬಹುದು, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲವೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಡಿಸ್ಚಾರ್ಜ್ ಆದ ಮೊದಲ ವಾರ ಊಟಕ್ಕೆ ಕೂತಾಗ “ಸಾಯಬೇಕು ಅಂತ ಏನಾದ್ರೂ ಅನ್ನಿಸ್ತಿದೆಯೇನಪ್ಪ?” ಎಂದು ಅಮ್ಮ ಕೇಳಿ, ಹೌದೆಂದರೆ ಚೀಟಿಯ ದಿನಾಂಕಕ್ಕೆ ಕಾಯದೆ ಅವತ್ತೇ ಕರೆದುಕೊಂಡು ಬಂದರೆ, ವೈದ್ಯರು ಗೊಣಗುವುದಿಲ್ಲ.